ಜೋಲ್ಡ್‌ಬೂಖ್ ಓದುವ ಬಗೆ: ಜರ್ಮನ್ ಸಿಪಾಯಿಯ ಜೇಬಿನಲ್ಲಿದ್ದ ಲೆಕ್ಕದ ಪುಸ್ತಕ

ಬರ್ಲಿನ್ನಿನಲ್ಲಿ ಭಾನುವಾರದ ಹಳೇ ಸಾಮಾನಿನ ಸಂತೆಗಳಲ್ಲಿ ತಟ್ಟೆ-ಲೋಟ, ತುಕ್ಕು ಹಿಡಿದ ಬೀಗ, ಯಾರದೋ ಮದುವೆಯ ಫೋಟೋಗಳ ನಡುವೆ ಒಮ್ಮೊಮ್ಮೆ ಅಂಗೈಯಗಲದ ಕಂದು ಪುಸ್ತಕವೊಂದು ಕಣ್ಣಿಗೆ ಬೀಳುತ್ತದೆ. ರಟ್ಟಿನ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಹದ್ದಿನ ಕಾಲ ಕೆಳಗೆ ಮಾತ್ರ ಮಾರುವವನು ಕಾಗದದ ಚೂರೊಂದನ್ನು ಅಂಟಿಸಿರುತ್ತಾನೆ. ಅದರಡಿ ಇರುವುದು ನಾಜಿಗಳ ಹಾಕೆನ್‌ಕ್ರಾಯ್ಟ್ಸ್, ಅವರ ಓರೆ ಸ್ವಸ್ತಿಕ. ಅದನ್ನು ಸಾರ್ವಜನಿಕವಾಗಿ ತೋರಿಸುವುದು ಜರ್ಮನಿಯಲ್ಲಿ ಅಪರಾಧ. ಪುಸ್ತಕ ತೆರೆದರೆ ಒಳಗೆ ಬರೀ ಕೋಷ್ಟಕ, ಮೊಹರು, ಗೀಚು, ತೇದಿ. ಒಬ್ಬ ಮನುಷ್ಯನ ಆರು ವರ್ಷದ ಯುದ್ಧ ಅದರೊಳಗಿದೆ ಎಂದು ಹೇಳಿದರೂ ನಂಬಿಕೆ ಬರುವುದಿಲ್ಲ.

ಇದರ ಹೆಸರು ಜೋಲ್ಡ್‌ಬೂಖ್. 'ಬೂಖ್' ಅಂದರೆ ಪುಸ್ತಕ, 'ಜೋಲ್ಡ್' ಅಂದರೆ ಸಿಪಾಯಿಯ ಸಂಬಳ. ಸೋಲ್ಜರ್ ಎಂಬ ಪದವೂ ಇದೇ ಬುಡದ್ದು, ರೋಮನ್ನರ ಸೋಲಿಡಸ್ ಎಂಬ ಚಿನ್ನದ ನಾಣ್ಯದಿಂದ ಬಂದದ್ದು. ನಮ್ಮ ಹಳಗನ್ನಡದಲ್ಲಿ ಒಡೆಯನ ಜೋಳ ತಿಂದ ಋಣಕ್ಕೆ ಕಾದಾಡುವುದನ್ನು ಜೋಳವಾಳಿ ಎನ್ನುತ್ತಿದ್ದರು. ಅಲ್ಲಿ ಜೋಳ, ಇಲ್ಲಿ ನಾಣ್ಯ. ಈ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಏಕೆಂದರೆ ಇದು ಯುದ್ಧದ ದಿನಚರಿಯಲ್ಲ, ಲೆಕ್ಕದ ಪುಸ್ತಕ. ಇವನಿಗೆ ಬಟವಾಡೆ ಮಾಡಬೇಕಾದವರು ಯಾರು, ಬೂಟು ಕೊಟ್ಟವರು ಯಾರು, ಚುಚ್ಚುಮದ್ದು ಹಾಕಿದ ಡಾಕ್ಟರು ಯಾರು, ಇವನು ಸತ್ತರೆ ಕಾಗದ ಹೋಗಬೇಕಾದ ವಿಳಾಸ ಯಾವುದು ಎಂಬುದನ್ನೆಲ್ಲ ಅದು ಹೇಳುತ್ತದೆ. 'ಎಲ್ಲಿ ಹೋರಾಡಿದ' ಎಂದು ಎಲ್ಲೂ ನೇರವಾಗಿ ಹೇಳುವುದಿಲ್ಲ. ಅದನ್ನು ನಾವೇ ಲೆಕ್ಕದಿಂದ ಹೊರಡಿಸಬೇಕು.

ಜಮೀನಿನ ಪಹಣಿ ಓದಿ ಅಭ್ಯಾಸವಿದ್ದವರಿಗೆ ಇದು ಹೊಸದಲ್ಲ. ಒಂಬತ್ತನೇ ಕಾಲಂನಲ್ಲಿ ಹೊಡೆದುಹಾಕಿದ ಹೆಸರು, ಪಕ್ಕದಲ್ಲಿ ಎಂಆರ್ ನಂಬರು, ಹನ್ನೊಂದರಲ್ಲಿ ಬ್ಯಾಂಕಿನ ಸಾಲ. ಅಣ್ಣತಮ್ಮಂದಿರ ಜಗಳದ ಕತೆ ಪಹಣಿಯಲ್ಲಿ ಬರೆದಿರುವುದಿಲ್ಲ. ಆದರೆ ಓದಬಲ್ಲವನಿಗೆ ಇಡೀ ಜಗಳ ಅಲ್ಲೇ ಕಾಣುತ್ತದೆ.

ಎರಡು ಪುಸ್ತಕ, ಒಂದು ಬಿಲ್ಲೆ

ಹಿಟ್ಲರ್ 1935ರ ಮಾರ್ಚಿನಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ಮತ್ತೆ ತಂದ. ಅಂದಿನಿಂದ ವಯಸ್ಸಿಗೆ ಬಂದ ಪ್ರತಿ ಹುಡುಗನೂ ತಪಾಸಣೆಗೆ ಹೋಗಬೇಕಿತ್ತು. ಎತ್ತರ, ತೂಕ, ಕಣ್ಣು, ಎದೆ ನೋಡಿ, ಯೋಗ್ಯ ಎಂದು ಬರೆದು, ಅವನ ಕೈಗೆ ಒಂದು ಪುಸ್ತಕ ಕೊಡುತ್ತಿದ್ದರು. ಇದು ವೇರ್‌ಪಾಸ್. ಇದರಲ್ಲಿ ಆರಂಭದಿಂದಲೂ ಫೋಟೋ ಇತ್ತು. ಸೈನ್ಯಕ್ಕೆ ಸೇರುವ ದಿನ ಹುಡುಗ ಈ ವೇರ್‌ಪಾಸನ್ನು ಕಂಪನಿ ಕಚೇರಿಗೆ ಒಪ್ಪಿಸಬೇಕು. ಬದಲಿಗೆ ಅವನಿಗೆ ಸಿಗುವುದು ಜೋಲ್ಡ್‌ಬೂಖ್. ಸೇವೆ ಮುಗಿದ ದಿನ ಅದಲುಬದಲು: ಜೋಲ್ಡ್‌ಬೂಖ್ ಕಚೇರಿಗೆ, ವೇರ್‌ಪಾಸ್ ಅವನ ಕೈಗೆ.

ಹೀಗಾಗಿ ಒಬ್ಬ ಸಿಪಾಯಿಯ ಬಾಳು ಎರಡು ಕಡೆ ಏಕಕಾಲಕ್ಕೆ ಬರೆಯಲ್ಪಡುತ್ತಿತ್ತು. ಜೋಲ್ಡ್‌ಬೂಖ್ ಅವನ ಅಂಗಿಯ ಜೇಬಿನಲ್ಲಿ, ಬೆವರು-ಮಳೆ-ಕೆಸರಿನಲ್ಲಿ. ವೇರ್‌ಪಾಸ್ ಹಿಂದಿನ ಸಾಲಿನ ಕಚೇರಿ ಪೆಟ್ಟಿಗೆಯಲ್ಲಿ, ಗುಮಾಸ್ತನ ಸುಪರ್ದಿಯಲ್ಲಿ. ಸಿಪಾಯಿ ಸತ್ತರೆ ವೇರ್‌ಪಾಸ್ ಮನೆಯವರಿಗೆ ಹೋಗುತ್ತಿತ್ತು. ಇವತ್ತು ಜರ್ಮನ್ ಮನೆಗಳ ಅಟ್ಟದ ಡಬ್ಬಿಗಳಲ್ಲಿ ವೇರ್‌ಪಾಸ್ ಸಿಕ್ಕರೆ ಅವನು ತೀರಿಕೊಂಡಿದ್ದ ಎಂಬ ಅನುಮಾನ ಮೊದಲು ಬರುತ್ತದೆ. ಜೋಲ್ಡ್‌ಬೂಖ್ ಸಿಕ್ಕರೆ, ಹೇಗೋ ಅದನ್ನು ಜೇಬಿನಲ್ಲಿಟ್ಟುಕೊಂಡೇ ಮನೆ ಸೇರಿದ ಎಂಬ ಅನುಮಾನ. ಅನುಮಾನ ಅಷ್ಟೇ, ಎರಡಕ್ಕೂ ಅಪವಾದಗಳಿವೆ.

ಮೂರನೆಯದು ಕೊರಳಿನ ಬಿಲ್ಲೆ. ಸತುವಿನದೋ ಅಲ್ಯುಮಿನಿಯಮ್ಮಿನದೋ, ಮೊಟ್ಟೆಯಾಕಾರದ್ದು, ನಡುವೆ ಅಡ್ಡಕ್ಕೆ ಸಾಲು ಸೀಳು. ಮೇಲರ್ಧದಲ್ಲೂ ಕೆಳಗರ್ಧದಲ್ಲೂ ಒಂದೇ ಅಕ್ಷರಗಳನ್ನು ಕೊರೆದಿರುತ್ತಾರೆ. ಸತ್ತಾಗ ಕೆಳಗರ್ಧವನ್ನು ಮುರಿದು ಒಯ್ಯುವುದು, ಮೇಲರ್ಧ ಹೆಣದ ಜೊತೆ ಮಣ್ಣಿಗೆ. ವಿಚಿತ್ರವೆಂದರೆ ಈ ಬಿಲ್ಲೆಯ ಮೇಲೆ ಹೆಸರೇ ಇಲ್ಲ. ಒಂದು ಕ್ರಮಸಂಖ್ಯೆ, ಒಂದು ತುಕಡಿಯ ಸಂಕ್ಷೇಪ, ರಕ್ತದ ಗುಂಪು, ಅಷ್ಟೇ. ಅಂದರೆ ಎಲ್ಲೋ ಒಂದು ಕಡೆ 'ಇಂಥ ತುಕಡಿಯ ಇಂಥ ನಂಬರು ಅಂದರೆ ಇಂಥವನು' ಎಂಬ ಪಟ್ಟಿ ಇಲ್ಲದಿದ್ದರೆ ಬಿಲ್ಲೆ ಬರೀ ತಗಡು. ಆ ಪಟ್ಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲ ಎಡವು ಬಿಲ್ಲೆಯಲ್ಲೇ

ಹೊಸದಾಗಿ ಹುಡುಕುವವರು ಹತ್ತಕ್ಕೆ ಒಂಬತ್ತು ಜನ ಎಡವುವುದು ಇಲ್ಲಿ. ಬಿಲ್ಲೆಯ ಮೇಲೆ ಒಂದು ತುಕಡಿಯ ಹೆಸರಿದೆ, ಆದ್ದರಿಂದ ತಾತ ಆ ತುಕಡಿಯಲ್ಲಿ ಹೋರಾಡಿದ ಎಂದುಕೊಳ್ಳುತ್ತಾರೆ. ಅಲ್ಲ. ಬಿಲ್ಲೆಯಲ್ಲಿರುವುದು ಬಿಲ್ಲೆ ಕೊಟ್ಟ ತುಕಡಿ. ಯುದ್ಧದ ವರ್ಷಗಳಲ್ಲಿ ಸೇರಿದವರಿಗೆ ಅದು ಸಾಮಾನ್ಯವಾಗಿ ಊರ ಹತ್ತಿರದ ಎರ್ಜಾಟ್ಸ್ ತುಕಡಿ, ಅಂದರೆ ಹೊಸಬರಿಗೆ ಕವಾಯತು ಕಲಿಸಿ ರಣರಂಗದ ತುಕಡಿಗಳಿಗೆ ಭರ್ತಿಯಾಗಿ ಕಳಿಸುವ ಬಟಾಲಿಯನ್. ಅದು ಮ್ಯೂನಿಕ್ಕಿನಲ್ಲೋ ಹಾಂಬರ್ಗಿನಲ್ಲೋ ತನ್ನ ಪಾಡಿಗೆ ತಾನಿರುತ್ತಿತ್ತು. ಸಿಪಾಯಿ ಮುಂದೆ ಐದು ತುಕಡಿ ಬದಲಿಸಿದರೂ ಕೊರಳಲ್ಲಿ ಅದೇ ಹಳೇ ಬಿಲ್ಲೆ. ಕಳೆದುಹೋದರೆ ಮಾತ್ರ ಹೊಸದು, ಆಗಿನ ತುಕಡಿಯ ಹೆಸರಲ್ಲಿ.

ಇದನ್ನು ಬಿಡಿಸುವುದು ಜೋಲ್ಡ್‌ಬೂಖಿನ ನಾಲ್ಕನೇ ಪುಟ. ಇಡೀ ಪುಸ್ತಕದಲ್ಲಿ ಒಂದೇ ಪುಟ ನೋಡಲು ಬಿಡುತ್ತೇನೆ ಎಂದರೆ ನಾನು ಕೇಳುವುದು ಇದನ್ನೇ. ಅದರಲ್ಲಿ ಮೂರು ಭಾಗ. ಮೊದಲನೆಯದು, ಇವನನ್ನು ಕಳಿಸಿದ ಎರ್ಜಾಟ್ಸ್ ತುಕಡಿ. ಎರಡನೆಯದು, ಹೋಗಿ ಸೇರಿದ ರಣರಂಗದ ತುಕಡಿ. ಮೂರನೆಯದು, ಸದ್ಯ ಇವನ ಜವಾಬ್ದಾರಿ ಹೊತ್ತ ಎರ್ಜಾಟ್ಸ್ ತುಕಡಿ. ತುಕಡಿ ಬದಲಾದಂತೆ ಹಳೆಯದರ ಮೇಲೆ ಗೆರೆ ಎಳೆದು ಕೆಳಗೆ ಹೊಸದು ಬರೆಯುತ್ತಾರೆ. ಗಾಯಾಳುವಾಗಿ ಊರಿಗೆ ಬಂದವನು ಆಸ್ಪತ್ರೆಯಿಂದ ನೇರ ತನ್ನ ಹಳೇ ಗೆಳೆಯರ ಬಳಿಗೆ ಹೋಗುವುದು ಅಪರೂಪ. ಎರ್ಜಾಟ್ಸ್ ತುಕಡಿಯಲ್ಲಿ ಚೇತರಿಸಿಕೊಳ್ಳುವವರ ಕಂಪನಿ ಇರುತ್ತಿತ್ತು, ಅಲ್ಲಿ ಕೆಲ ವಾರ, ಅಲ್ಲಿಂದ ಭರ್ತಿಯ ಬಟಾಲಿಯನ್ ಒಂದರಲ್ಲಿ ರೈಲು ಹತ್ತಿಸಿ ಕೊರತೆ ಇದ್ದ ಕಡೆಗೆ. ಹಾಗಾಗಿ ನಾಲ್ಕನೇ ಪುಟದಲ್ಲಿ ಗೆರೆ ಜಾಸ್ತಿ ಇದ್ದಷ್ಟೂ ಆಸ್ಪತ್ರೆಯ ಪುಟವನ್ನು ಬಿಡಿಸಿ ನೋಡಬೇಕೆನ್ನಿಸುತ್ತದೆ.

ಒಂದು ಪುಸ್ತಕವನ್ನು ಬಿಡಿಸಿ ನೋಡೋಣ

ನಿಜವಾದ ಯಾರದೋ ಪುಸ್ತಕ ಇಲ್ಲಿ ಬೇಡ. ಅವರ ಮೊಮ್ಮಕ್ಕಳು ಬದುಕಿದ್ದಾರೆ. ಇಂಥ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದನ್ನೆಲ್ಲ ಸೇರಿಸಿ ಒಂದು ಮಾದರಿ ಕಟ್ಟಿಕೊಳ್ಳೋಣ. ಹೆಸರು ಕಾರ್ಲ್ ಎಂದಿರಲಿ, ಹುಟ್ಟಿದ್ದು 1920, ಕಸುಬು ಬಡಗಿ.

ಒಂದನೇ ಪುಟದ ತುದಿಯಲ್ಲಿ ಹುದ್ದೆ: ಮೊದಲು ಷುಟ್ಸೆ, ಅಂದರೆ ಸಾದಾ ಸಿಪಾಯಿ. ಅದರ ಕೆಳಗೆ ಬಡ್ತಿಗಳು, ತೇದಿ ಸಮೇತ. ಬಿಲ್ಲೆಯ ಅಕ್ಷರಗಳು, ರಕ್ತದ ಗುಂಪು, ಗ್ಯಾಸ್ ಮುಖವಾಡದ ಅಳತೆ. ಆಮೇಲೆ ವೇರ್‌ನಂಬರ್, ಅಂದರೆ ಭರ್ತಿ ಕಚೇರಿಯ ಸಂಖ್ಯೆ. ಅದರಲ್ಲಿ ಊರಿನ ಹೆಸರಿನ ಪಕ್ಕದ ಮೊದಲ ಎರಡಂಕಿ ಹುಟ್ಟಿದ ಇಸವಿ. 20 ಇದ್ದರೆ 1920. ಪುಸ್ತಕದ ಬೇರೆಡೆ ಹುಟ್ಟಿದ ದಿನ ಮಸಿ ಕದಡಿ ಹೋಗಿದ್ದರೂ ಇಲ್ಲಿ ಇಸವಿ ಉಳಿದಿರುತ್ತದೆ.

ಎರಡನೇ ಪುಟ ಮೈಯ ವರ್ಣನೆ. ಎತ್ತರ, ಮೈಕಟ್ಟು, ಮುಖ, ಕೂದಲು, ಗಡ್ಡ, ಕಣ್ಣು, ಬೂಟಿನ ಉದ್ದ, ಬೂಟಿನ ಅಗಲ. 'ವಿಶೇಷ ಗುರುತುಗಳು' ಎಂಬಲ್ಲಿ ಅಚ್ಚುಹಾಕಿದವರೇ ಆವರಣದಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾರೆ: ಕನ್ನಡಕ ಹಾಕುವವನು. ಆರಂಭದಲ್ಲಿ ಜೋಲ್ಡ್‌ಬೂಖಿನಲ್ಲಿ ಫೋಟೋ ಇರಲಿಲ್ಲವಾದ್ದರಿಂದ ಈ ನಾಲ್ಕು ಸಾಲೇ ಅವನ ಮುಖ. ಯುದ್ಧದ ಉತ್ತರಾರ್ಧದಲ್ಲಿ ಫೋಟೋ ಕಡ್ಡಾಯವಾಯಿತು. ಓಡಿಹೋದವರು ಬೇರೆಯವರ ಪುಸ್ತಕ ಹಿಡಿದು ತಿರುಗಾಡಲು ಶುರುಮಾಡಿದರೆ ಕಾವಲಿನವರಿಗೆ ಕೂದಲು ಕಂದು, ಕಣ್ಣು ನೀಲಿ ಎಂಬುದರಿಂದ ಏನೂ ಪ್ರಯೋಜನವಿರಲಿಲ್ಲ.

ಐದನೇ ಪುಟ ಹೆಂಡತಿಯ, ತಂದೆತಾಯಿಯ ವಿಳಾಸ. ಕಾರ್ಲನ ಪುಸ್ತಕದಲ್ಲಿ ಹೆಂಡತಿಯ ಜಾಗ ಖಾಲಿಯಿತ್ತು, 1943ರಲ್ಲಿ ಬೇರೆ ಮಸಿಯಲ್ಲಿ ತುಂಬಿದೆ. ಹಾಗಾದರೆ ಆ ಹೊತ್ತಿಗೆ ರಜೆ ಸಿಕ್ಕಿರಬೇಕಲ್ಲ? ಪುಸ್ತಕದ ಕೊನೆಯಲ್ಲಿರುವ ರಜೆಯ ಪುಟಗಳಾದ 23, 24 ತೆರೆದು ತಾಳೆ ನೋಡಬೇಕು. ತಂದೆತಾಯಿಯ ವಿಳಾಸ ಹೊಡೆದು ಹಳ್ಳಿಯ ವಿಳಾಸ ಬರೆದಿದ್ದರೆ ನಗರದ ಮನೆ ಬಾಂಬಿಗೆ ಹೋಯಿತೇ ಎಂಬ ಪ್ರಶ್ನೆ ಏಳುತ್ತದೆ. ಹೀಗೆ ಒಂದು ಪುಟ ಇನ್ನೊಂದರ ಬಾಗಿಲು ತಟ್ಟುತ್ತಾ ಹೋಗುತ್ತದೆ.

ಬಟ್ಟೆ, ಪಾತ್ರೆ, ಕಂಬಳಿ, ಬಂದೂಕಿನ ಪುಟಗಳನ್ನು ಜನ ಬೇಗ ತಿರುಗಿಸಿಬಿಡುತ್ತಾರೆ. ತಪ್ಪೇನಲ್ಲ. ಆದರೆ ಅಲ್ಲಿನ ಮೊಹರು ತುಕಡಿಯದು ಎಂಬುದು ನೆನಪಿರಲಿ. ನಾಲ್ಕನೇ ಪುಟದಲ್ಲಿ ಗುಮಾಸ್ತ ಬರೆಯಲು ಮರೆತ ತುಕಡಿ ಕೆಲವೊಮ್ಮೆ ಕಾಲುಚೀಲ ಕೊಟ್ಟ ಸಾಲಿನಲ್ಲಿ ಸಿಕ್ಕಿಬೀಳುತ್ತದೆ. ಚುಚ್ಚುಮದ್ದಿನ ಪುಟವೂ ಅಂಥದ್ದೇ: ಸಿಡುಬು, ಟೈಫಾಯ್ಡ್, ಆಮಶಂಕೆ, ಕಾಲರಾ. ಪ್ರತಿಯೊಂದಕ್ಕೂ ತೇದಿ, ಡಾಕ್ಟರ ರುಜು. ಪೂರ್ವದ ರಣರಂಗದಿಂದ ರಜೆಗೆ ಬರುವವನು ಹೇನು ತೆಗೆಸಿಕೊಂಡ ಸರ್ಟಿಫಿಕೇಟು ತೋರಿಸದೆ ಜರ್ಮನಿಯ ಗಡಿ ದಾಟುವಂತಿರಲಿಲ್ಲ. ಆ ಚೀಟಿಗಳು ಪುಸ್ತಕದ ಮಡಿಕೆಯೊಳಗೆ ಉಳಿದುಬಿಟ್ಟಿದ್ದರೆ ಅದು ಹುಡುಕುವವನ ಭಾಗ್ಯ. ಅದರಲ್ಲಿ ಊರಿನ ಹೆಸರಿರುತ್ತದೆ.

12 ಮತ್ತು 13ನೇ ಪುಟ ಆಸ್ಪತ್ರೆಯದು. ಸೇರಿದ ದಿನ, ಬಿಟ್ಟ ದಿನ, ಆಸ್ಪತ್ರೆಯ ಹೆಸರು, ಕಾಯಿಲೆ. ಕಾಯಿಲೆಯನ್ನು ಬಹುತೇಕ ಅಂಕಿಯಲ್ಲೇ ಬರೆಯುತ್ತಿದ್ದರು, ಸೈನ್ಯದ ರೋಗಪಟ್ಟಿಯ ಸಂಖ್ಯೆ. ಹೆಂಡತಿಗೆ ತಿಳಿಯಬಾರದ ಕಾಯಿಲೆಗಳೂ ಇದ್ದವು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅಂಕಿಗಿಂತ ಹೆಚ್ಚು ಮಾತಾಡುವುದು ಆಸ್ಪತ್ರೆಯ ದರ್ಜೆ. ಫೆಲ್ಡ್‌ಲಾಜರೆಟ್ ಎಂದಿದ್ದರೆ ರಣರಂಗಕ್ಕೆ ಹತ್ತಿರದ ಡೇರೆ ಅಥವಾ ಶಾಲೆಯ ಕಟ್ಟಡ. ಕ್ರೀಗ್ಸ್‌ಲಾಜರೆಟ್ ಎಂದರೆ ರಣರಂಗದಿಂದ ಇನ್ನಷ್ಟು ಹಿಂದಿನ ಆಸ್ಪತ್ರೆ. ರಿಸರ್ವ್‌ಲಾಜರೆಟ್ ಎಂದರೆ ಸ್ವದೇಶದ ಆಸ್ಪತ್ರೆ. ಕಾರ್ಲನ ಪುಟದಲ್ಲಿ 1943ರ ಜನವರಿಯಿಂದ ಮೂರು ಸಾಲು, ಈ ಮೂರೂ ದರ್ಜೆ ಒಂದರ ಕೆಳಗೊಂದು. ಗಾಯ ಎಷ್ಟು ದೊಡ್ಡದಿತ್ತು ಎಂದು ಯಾವ ಡಾಕ್ಟರೂ ವಿವರಿಸಿಲ್ಲ. ಆದರೂ ಪಶ್ಚಿಮಕ್ಕೆ ಸಾಗಿದ ರೈಲಿನ ದಾರಿ ಕಾಣುತ್ತದೆ.

ತುಕಡಿಯ ಹೆಸರಲ್ಲೂ ಕಾಲ ಅಡಗಿದೆ. 1942ರ ಅಕ್ಟೋಬರಿನಲ್ಲಿ ಪದಾತಿ ರೆಜಿಮೆಂಟುಗಳಿಗೆ ಗ್ರೆನಡಿಯರ್ ರೆಜಿಮೆಂಟ್ ಎಂದು ಮರುನಾಮಕರಣವಾಯಿತು. ನಾಲ್ಕನೇ ಪುಟದಲ್ಲಿ ಇನ್‌ಫಾಂಟರೀ ಹೊಡೆದು ಗ್ರೆನಡಿಯರ್ ಎಂದು ಬರೆದು ನಂಬರು ಅದೇ ಇದ್ದರೆ ಕಾರ್ಲ್ ಎಲ್ಲಿಗೂ ವರ್ಗವಾಗಿಲ್ಲ, ಬೋರ್ಡು ಮಾತ್ರ ಬದಲಾಗಿದೆ.

ಐದಂಕಿಯ ಒಗಟು

ತುಕಡಿಯ ಹೆಸರನ್ನು ಜೇಬಿನಲ್ಲಿಟ್ಟುಕೊಂಡು ಯುದ್ಧಕ್ಕೆ ಹೋದರೆ, ಸೆರೆಸಿಕ್ಕ ಕೂಡಲೇ ಶತ್ರುವಿಗೆ ಎದುರಿಗೆ ಯಾವ ತುಕಡಿ ಇದೆ ಎಂದು ಗೊತ್ತಾಗುತ್ತದೆ. ಅದಕ್ಕೇ ಪ್ರತಿ ತುಕಡಿಗೂ ಒಂದು ಐದಂಕಿಯ ಫೆಲ್ಡ್‌ಪೋಸ್ಟ್ ನಂಬರ್ ಕೊಟ್ಟಿದ್ದರು. ಮನೆಯಿಂದ ಬರುವ ಕಾಗದದ ಮೇಲೆ ಊರಿಲ್ಲ, ತುಕಡಿಯಿಲ್ಲ, ಈ ಐದಂಕಿ ಮಾತ್ರ. ಜೋಲ್ಡ್‌ಬೂಖಿನ ಮೊಹರುಗಳಲ್ಲೂ ಅದೇ. ರಣರಂಗದ ತುಕಡಿಯ ಹೆಸರನ್ನು ಬಿಡಿಸಿ ಬರೆಯಬಾರದು ಎಂಬ ನಿಯಮವಿದ್ದರೂ ಗುಮಾಸ್ತರು ಒಂದೇ ಸಮ ಪಾಲಿಸಲಿಲ್ಲ. ಅವರ ಆ ಉಡಾಫೆಗೆ ಇಂದಿನ ಸಂಶೋಧಕರು ಋಣಿ.

ನಂಬರಿನಿಂದ ತುಕಡಿ ತಿಳಿಯುವ ಕೋಷ್ಟಕಗಳು ಉಳಿದುಬಂದಿವೆ. ನಂಬರಿನ ಕೊನೆಗೆ ಅಕ್ಷರವಿದ್ದರೆ ಬಟಾಲಿಯನ್ನಿನೊಳಗಿನ ವಿಭಾಗ: 'ಎ' ಅಂದರೆ ಮುಖ್ಯ ಕಚೇರಿ, 'ಬಿ' ಅಂದರೆ ಅದರ ಮೊದಲ ಕಂಪನಿ, ಹಾಗೆ ಮುಂದಕ್ಕೆ. ಒಂದು ಎಚ್ಚರಿಕೆ ಬೇಕು. ತುಕಡಿ ನಾಶವಾದರೆ ಅದರ ನಂಬರನ್ನು ರದ್ದುಮಾಡಿ ಕೆಲಕಾಲದ ಮೇಲೆ ಬೇರೆಯವರಿಗೆ ಕೊಟ್ಟದ್ದುಂಟು. ನಮ್ಮಲ್ಲಿ ಸರೆಂಡರ್ ಮಾಡಿದ ಮೊಬೈಲ್ ನಂಬರು ಕೆಲ ತಿಂಗಳಿಗೆ ಇನ್ಯಾರಿಗೋ ಹೋಗುವಂತೆ. ಆದ್ದರಿಂದ ನಂಬರನ್ನು ತೇದಿಯಿಲ್ಲದೆ ಹುಡುಕಬಾರದು. 1942ರ ನಂಬರಿಗೆ 1944ರ ಉತ್ತರ ತೆಗೆದುಕೊಂಡು ತಾತನನ್ನು ರಷ್ಯಾದಿಂದ ಫ್ರಾನ್ಸಿಗೆ ಸಾಗಿಸಿಬಿಟ್ಟವರಿದ್ದಾರೆ.

ಪದಕ ಅಂದರೆ ಭೂಗೋಳ

22ನೇ ಪುಟದಲ್ಲಿ ಪದಕಗಳು. ಪರಾಕ್ರಮಕ್ಕೆ ಕೊಟ್ಟವು ಕುಟುಂಬದವರಿಗೆ ಮುಖ್ಯ, ಹುಡುಕುವವನಿಗೆ ಮುಖ್ಯವಾಗುವುದು ಇದ್ದದ್ದಕ್ಕೇ ಕೊಟ್ಟ ಪದಕಗಳು. 1941-42ರ ಚಳಿಗಾಲದ ಪೂರ್ವ ಯುದ್ಧದ ಪದಕವನ್ನು 1942ರ ಮೇ ತಿಂಗಳಲ್ಲಿ ಶುರುಮಾಡಿದರು. 1941ರ ನವೆಂಬರ್ 15ರಿಂದ 1942ರ ಏಪ್ರಿಲ್ 15ರ ನಡುವೆ ಪೂರ್ವದ ರಣರಂಗದಲ್ಲಿ ನಿಗದಿಯಾದಷ್ಟು ದಿನ ಇದ್ದವರಿಗೆ ಅದು ಸಿಕ್ಕಿತು. ಸಿಪಾಯಿಗಳು ಅದನ್ನು ಹೆಪ್ಪುಗಟ್ಟಿದ ಮಾಂಸದ ಪದಕ ಎಂದು ಹೀಯಾಳಿಸುತ್ತಿದ್ದರು. ಕಾರ್ಲನ ಪುಟದಲ್ಲಿ ಅದಿದೆ. ಹಾಗಾದರೆ ಆ ಚಳಿಯಲ್ಲಿ ಅವನು ಫ್ರಾನ್ಸಿನ ಕರಾವಳಿಯಲ್ಲಿರಲಿಲ್ಲ. ತೋಳಿಗೆ ಹೊಲಿಯುವ ಕ್ರಿಮಿಯಾ ಫಲಕ ಇದ್ದಿದ್ದರೆ ಇನ್ನೂ ಸಲೀಸು: 1941ರ ಸೆಪ್ಟೆಂಬರಿನಿಂದ 1942ರ ಜುಲೈ ಒಳಗೆ ಕ್ರಿಮಿಯಾದಲ್ಲಿದ್ದ. ಗಾಯಗೊಂಡವರಿಗೆ ಕೊಡುತ್ತಿದ್ದ ಪದಕ ಕಪ್ಪು ಬಣ್ಣದ್ದಾದರೆ ಒಂದೆರಡು ಗಾಯ, ಬೆಳ್ಳಿಯದಾದರೆ ಮೂರು-ನಾಲ್ಕು, ಚಿನ್ನದ್ದಾದರೆ ಐದು ಅಥವಾ ಹೆಚ್ಚು. ಕೈಯೋ ಕಾಲೋ ಕಣ್ಣೋ ಹೋದವನಿಗೆ ಒಂದೇ ಗಾಯಕ್ಕೂ ಬೆಳ್ಳಿ ಸಿಗುತ್ತಿತ್ತು. ಹಾಗೇನೂ ಆಗಿರದೆ, ಆಸ್ಪತ್ರೆಯ ಪುಟದಲ್ಲಿ ಒಂದೇ ಗಾಯವಿದ್ದು ಇಲ್ಲಿ ಬೆಳ್ಳಿ ಇದ್ದರೆ ಏನೋ ಎಡವಟ್ಟಾಗಿದೆ. ಒಂದೋ ಪುಸ್ತಕ ಕಳೆದು ಎರಡನೇ ಪ್ರತಿ ಕೊಟ್ಟಿದ್ದಾರೆ, ಇಲ್ಲವೇ ಇತ್ತೀಚೆಗೆ ಯಾರೋ ಬೆಲೆ ಏರಿಸಲು ಬೆಳ್ಳಿ ಸೇರಿಸಿದ್ದಾರೆ.

ನಕಲಿಯ ಕಾಟ ಸಣ್ಣದಲ್ಲ. ಸಾದಾ ಸಿಪಾಯಿಯ ಪುಸ್ತಕಕ್ಕೂ ಪದಕಗಳ ಸಾಲಿರುವ ಪ್ಯಾರಾಟ್ರೂಪರ್ ಪುಸ್ತಕಕ್ಕೂ ಸಂಗ್ರಾಹಕರ ಮಾರುಕಟ್ಟೆಯಲ್ಲಿ ಅಜಗಜಾಂತರ ಬೆಲೆ. ನೋಡಬೇಕಾದದ್ದು ಫೋಟೋದ ಮೂಲೆ: ಮೊಹರಿನ ಅರ್ಧ ಫೋಟೋ ಮೇಲೆ, ಅರ್ಧ ಪುಟದ ಮೇಲೆ ಬಿದ್ದಿರಬೇಕು, ಎರಡೂ ಗೆರೆಗೆ ಗೆರೆ ಕೂಡಬೇಕು. ಮೊಳೆ ಅಥವಾ ಪಿನ್ನಿನ ತುಕ್ಕು ಹಿಂದಿನ ಪುಟಕ್ಕೂ ಇಳಿದಿರಬೇಕು. ನಾಲ್ಕು ವರ್ಷ, ನಾಲ್ಕು ಊರು, ನಾಲ್ಕು ಗುಮಾಸ್ತರು ಬರೆದ ಸಾಲುಗಳೆಲ್ಲ ಒಂದೇ ಮಸಿ, ಒಂದೇ ಓರೆಯಲ್ಲಿದ್ದರೆ ಪುಸ್ತಕವನ್ನು ಮೆಲ್ಲಗೆ ಕೆಳಗಿಟ್ಟು ಮುಂದಿನ ಅಂಗಡಿಗೆ ಹೋಗುವುದು ಕ್ಷೇಮ.

ಅಕ್ಷರದ ಬಗ್ಗೆಯೂ ಒಂದು ಮಾತು. ಜರ್ಮನ್ ಬಲ್ಲವರೂ ಇಲ್ಲಿ ತಡವರಿಸುತ್ತಾರೆ. ಹಳೇ ತಲೆಮಾರಿನ ಗುಮಾಸ್ತರು ಕುರೆಂಟ್ ಅಥವಾ ಜ್ಯುಟರ್ಲೀನ್ ಎಂಬ ಹಳೇ ಕೈಬರಹದಲ್ಲಿ ಬರೆಯುತ್ತಿದ್ದರು. ನಮ್ಮ ಹಳೇ ಕಡತಗಳ ಮೋಡಿ ಅಕ್ಷರದ ಹಾಗೆ, ಭಾಷೆ ಗೊತ್ತಿದ್ದರೂ ಲಿಪಿ ಕೈಗೆ ಸಿಗುವುದಿಲ್ಲ. 'ಇ' ಎಂಬುದು 'ಎನ್' ಥರ ಕಾಣುತ್ತದೆ, 'ಎಸ್' ಎಂಬುದು 'ಎಫ್' ಥರ. 1941ರಲ್ಲಿ ಸರ್ಕಾರವೇ ಈ ಲಿಪಿಗಳನ್ನು ಕೈಬಿಟ್ಟಿತು. ಆದರೂ ನಲವತ್ತು ದಾಟಿದ ಕೈಗಳು ಆದೇಶ ಕೇಳಿ ಬದಲಾಗುತ್ತವೆಯೇ?

ವೇರ್‌ಪಾಸ್ ಹೇಳುವುದು, ಹೇಳದಿರುವುದು

ಜೋಲ್ಡ್‌ಬೂಖಿನಲ್ಲಿ ಇಲ್ಲದ ಒಂದು ಪಟ್ಟಿ ವೇರ್‌ಪಾಸಿನಲ್ಲಿದೆ: ಭಾಗವಹಿಸಿದ ಕಾಳಗಗಳು. ತೇದಿಯಿಂದ ತೇದಿಗೆ, ಜಾಗದ ಹೆಸರಿನೊಡನೆ. ಇದು ಕೈಗೆ ಬಂದವರು ಕುಣಿದಾಡುತ್ತಾರೆ. ಸ್ವಲ್ಪ ತಾಳ್ಮೆ ಬೇಕು. ಈ ಪಟ್ಟಿಯನ್ನು ತುಕಡಿಯ ಗುಮಾಸ್ತ ಒಂದು ಮಾದರಿ ನೋಡಿ ಎಲ್ಲರ ಪುಸ್ತಕಕ್ಕೂ ಏರಿಸುತ್ತಿದ್ದ. ತುಕಡಿ ಅಲ್ಲಿತ್ತು ಎಂಬುದಕ್ಕೆ ಅದು ಸಾಕ್ಷಿ. ಕಾರ್ಲ್ ಆ ವಾರ ಆಸ್ಪತ್ರೆಯ ಹಾಸಿಗೆಯಲ್ಲಿದ್ದನೋ ಅಡುಗೆ ಗಾಡಿಯ ಹಿಂದಿದ್ದನೋ ಅದಕ್ಕೆ ಗೊತ್ತಿಲ್ಲ. ಅದಕ್ಕೇ ಎರಡೂ ಪುಸ್ತಕ ಸಿಕ್ಕವರ ಪುಣ್ಯ ದೊಡ್ಡದು.

ಭಾಷೆಯನ್ನೂ ಅನುಮಾನದಿಂದ ಓದಬೇಕು. 'ಹಿಂದಿನ ಪ್ರದೇಶದ ಭದ್ರತೆ', 'ತಂಡಗಳ ವಿರುದ್ಧದ ಹೋರಾಟ' ಎಂದೆಲ್ಲ ಸಾಲುಗಳು ಬರುತ್ತವೆ. ಗೆರಿಲ್ಲಾಗಳನ್ನು ಗೆರಿಲ್ಲಾ ಎಂದು ಕರೆದರೆ ಗೌರವ ಸಿಕ್ಕೀತೆಂದು 1942ರಿಂದ 'ಬಾಂಡೆನ್', ಅಂದರೆ ಡಕಾಯಿತರ ಗುಂಪುಗಳು, ಎಂದೇ ಬರೆಯಬೇಕೆಂದು ನಾಜಿಗಳ ಸಶಸ್ತ್ರ ದಳವಾದ ಎಸ್‌ಎಸ್‌ನ ಮುಖ್ಯಸ್ಥ ಹಿಮ್ಲರ್ ಕಡೆಯಿಂದ ಆಜ್ಞೆಯಾಗಿತ್ತು. ಬೆಲಾರೂಸಿನಲ್ಲಿ ಈ ಹೆಸರಿನ ಕಾರ್ಯಾಚರಣೆಗಳಲ್ಲಿ ಸುಟ್ಟದ್ದು ಹಳ್ಳಿಗಳನ್ನು, ಕೊಂದದ್ದು ಬಹುತೇಕ ನಿರಾಯುಧ ಹೆಂಗಸರು-ಮಕ್ಕಳು-ಮುದುಕರನ್ನು. ಪುಸ್ತಕದಲ್ಲಿ ಮಾತ್ರ ಒಂದು ತಣ್ಣನೆಯ ಷರಾ. 'ನಮ್ಮಜ್ಜ ಬರೀ ಅಡುಗೆಯವನಾಗಿದ್ದ' ಎಂದು ಕೇಳುತ್ತಾ ಬೆಳೆದ ಮೊಮ್ಮಗಳು ಆ ಸಾಲನ್ನು ಕಂಡ ದಿನ ಹುಡುಕಾಟದ ರುಚಿ ಬದಲಾಗುತ್ತದೆ. ಅಲ್ಲಿಂದ ಮುಂದೆ ಪುಸ್ತಕ ಸಾಲದು, ತುಕಡಿಯ ಯುದ್ಧ ದಿನಚರಿ ಬೇಕು. ಡಿವಿಷನ್‌ಗಳ ದಿನಚರಿಗಳಲ್ಲಿ ಉಳಿದವು ಫ್ರೈಬುರ್ಗ್‌ನ ಸೈನಿಕ ಪತ್ರಾಗಾರದಲ್ಲಿವೆ. ಅಮೆರಿಕನ್ನರು ವಶಪಡಿಸಿಕೊಂಡು ಮೈಕ್ರೋಫಿಲ್ಮ್ ಮಾಡಿದ ಪ್ರತಿಗಳು ವಾಷಿಂಗ್ಟನ್ ಬಳಿಯ ರಾಷ್ಟ್ರೀಯ ಪತ್ರಾಗಾರದಲ್ಲೂ ಇವೆ. ಯಾವ ದಿನ ಯಾವ ಹಳ್ಳಿ, ಎಷ್ಟು ಶತ್ರುಗಳು ಸತ್ತರು, ಎಷ್ಟು ಬಂದೂಕು ಸಿಕ್ಕವು. ಸತ್ತವರು ಮುನ್ನೂರು, ಸಿಕ್ಕ ಬಂದೂಕು ಹತ್ತು ಎಂಬಂಥ ಲೆಕ್ಕ ಕಂಡರೆ ಸತ್ತವರು ಯಾರೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪುಸ್ತಕವೇ ಇಲ್ಲದಿದ್ದರೆ

ಬಹುಪಾಲು ಮನೆಗಳಲ್ಲಿ ಇರುವುದಿಲ್ಲ. ಸೆರೆಸಿಕ್ಕಾಗ ಕಿತ್ತುಕೊಂಡರು, ಅಥವಾ ಅವನೇ ಹರಿದು ಹಳ್ಳಕ್ಕೆಸೆದ. ಅಂಥವರಿಗೆ ಬಿಲ್ಲೆ ಯಾರದೆಂದು ಹೇಳುವ, ಬರ್ಲಿನ್ನಿನಲ್ಲಿರುವ ಆ ಪಟ್ಟಿಯೇ ಗತಿ. ಪೋಲೆಂಡಿನ ಮೇಲೆ ದಾಳಿ ಆಗುವುದಕ್ಕೆ ಆರು ದಿನ ಮುಂಚೆ, 1939ರ ಆಗಸ್ಟ್ 26ರಂದು, ಸತ್ತವರ ಮತ್ತು ಯುದ್ಧಕೈದಿಗಳ ಮಾಹಿತಿ ಕಚೇರಿಯೊಂದು ಶುರುವಾಯಿತು. 1929ರ ಜಿನೀವಾ ಒಪ್ಪಂದದ ಪ್ರಕಾರ ಇಂಥದ್ದೊಂದು ಇರಲೇಬೇಕಿತ್ತು. ಸಂಕ್ಷಿಪ್ತ ಹೆಸರು ವಾಸ್ಟ್. ಯಾವ ಬಿಲ್ಲೆ ಯಾರಿಗೆ ಕೊಟ್ಟೆವು, ಯಾರು ಬಂದರು, ಯಾರು ಹೋದರು ಎಂದು ತುಕಡಿಗಳು ಇಲ್ಲಿಗೆ ಪಟ್ಟಿ ಕಳಿಸುತ್ತಲೇ ಇರಬೇಕು. ಬಾಂಬಿಗೆ ಹೆದರಿ 1943ರಲ್ಲಿ ಕಚೇರಿಯನ್ನು ತ್ಯೂರಿಂಗಿಯಾಕ್ಕೆ ಸಾಗಿಸಿದರು, 1945ರ ಏಪ್ರಿಲಿನಲ್ಲಿ ಅಮೆರಿಕನ್ನರ ಕೈಗೆ ಬಿತ್ತು, ಮರುವರ್ಷ ಬರ್ಲಿನ್ನಿಗೆ ಮರಳಿತು. 2019ರ ಜನವರಿ 1ರಂದು ಬುಂಡೆಸ್‌ಆರ್ಕೀವ್‌, ಅಂದರೆ ಜರ್ಮನಿಯ ರಾಷ್ಟ್ರೀಯ ಪತ್ರಾಗಾರದೊಳಗೆ ಸೇರಿತು. 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನರ ಕಾರ್ಡುಗಳು, ಬಿಲ್ಲೆಯ ಪಟ್ಟಿಗಳಲ್ಲಿ 10 ಕೋಟಿ ಮೀರಿದ ನಮೂದುಗಳು ಅಲ್ಲಿವೆ.

ಅರ್ಜಿಗೆ ಪೂರ್ತಿ ಹೆಸರು, ಹುಟ್ಟಿದ ದಿನ, ಊರು ಬೇಕು. ಬಿಲ್ಲೆಯ ಅಕ್ಷರ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಹೆಸರೊಂದೇ ಸಾಲದು: ಹಾನ್ಸ್ ಮ್ಯುಲರ್ ಎಂದು ಹುಡುಕುವುದೂ ಮಂಡ್ಯದಲ್ಲಿ ಕೆಂಪೇಗೌಡ ಎಂದು ಹುಡುಕುವುದೂ ಒಂದೇ. ಸತ್ತು 10 ವರ್ಷ ಕಳೆದಿರಬೇಕು, ಸಾವಿನ ದಿನ ತಿಳಿಯದಿದ್ದರೆ ಹುಟ್ಟಿ 100 ವರ್ಷವಾಗಿರಬೇಕು. ಅಂಥವರ ಕಡತಕ್ಕೆ ರಕ್ತಸಂಬಂಧಿಯೇ ಆಗಿರಬೇಕೆಂದಿಲ್ಲ. ಉತ್ತರ ಬರಲು ತಿಂಗಳುಗಟ್ಟಲೆ ಕಾಯಬೇಕು. ಎಸ್‌ಎಸ್ ಅಥವಾ ನಾಜಿ ಪಕ್ಷದ ನಂಟಿದ್ದರೆ ಬೇರೆ ಕಡತ, ಅಮೆರಿಕನ್ನರು ಬರ್ಲಿನ್ನಿನಲ್ಲಿ ಕಾಯ್ದಿಟ್ಟು 1994ರಲ್ಲಿ ಜರ್ಮನಿಗೆ ಒಪ್ಪಿಸಿದ್ದು. ಅದೂ ಈಗ ಬುಂಡೆಸ್‌ಆರ್ಕೀವ್‌ನಲ್ಲೇ ಇದೆ.

ಮೊದಲ ಮಹಾಯುದ್ಧದ ಮುತ್ತಾತನನ್ನು ಹುಡುಕುವವರಿಗೆ ಊರೇ ಹಣೆಬರಹ. ಆಗ ಪ್ರಷ್ಯಾ, ಬವೇರಿಯಾ, ಸ್ಯಾಕ್ಸನಿ, ವ್ಯುರ್ಟೆಂಬರ್ಗ್ ಸೈನ್ಯಗಳ ದಫ್ತರ ಬೇರೆ ಬೇರೆ. ಪ್ರಷ್ಯಾದ್ದು ಪೊಟ್ಸ್‌ಡಾಮ್‌ನಲ್ಲಿತ್ತು, 1945ರ ಏಪ್ರಿಲ್ 14ರ ರಾತ್ರಿಯ ಬ್ರಿಟಿಷ್ ಬಾಂಬ್ ದಾಳಿಯಲ್ಲಿ ಬಹುತೇಕ ಸುಟ್ಟುಹೋಯಿತು. ಬವೇರಿಯಾದವರದು ಮ್ಯೂನಿಕ್ಕಿನಲ್ಲಿ ಇವತ್ತಿಗೂ ಇದೆ, ಸಾದಾ ಸಿಪಾಯಿಯ ಹೆಸರು, ಗಾಯ, ಕಾಳಗಗಳ ಸಮೇತ.

ನಮ್ಮ ಕಡೆಯವರೂ ಈ ಪುಸ್ತಕ ಹಿಡಿದಿದ್ದರು ಎಂಬುದು ಇಲ್ಲಿ ಹೇಳಬೇಕಾದ ಮಾತು. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಬ್ರಿಟಿಷ್ ಭಾರತದ ಸೈನಿಕರಿಂದ, 1941ರಲ್ಲಿ ಬರ್ಲಿನ್ ತಲುಪಿದ ಸುಭಾಷ್ ಚಂದ್ರ ಬೋಸರು ಒಂದು ದಳ ಕಟ್ಟಿದರು. ಅದು ಜರ್ಮನ್ ಸೈನ್ಯದ 950ನೇ ಇಂಡಿಷೆಸ್ ಇನ್‌ಫಾಂಟರೀ ರೆಜಿಮೆಂಟ್ ಆಯಿತು. ಸುಮಾರು 3,000 ಜನ. ಸ್ಯಾಕ್ಸನಿಯ ಕ್ಯೋನಿಗ್ಸ್‌ಬ್ರ್ಯುಕ್‌ನಲ್ಲಿ ತರಬೇತಿ, 1943ರಲ್ಲಿ ಹಾಲೆಂಡಿನ ಕರಾವಳಿ, ಆಮೇಲೆ ಫ್ರಾನ್ಸಿನ ಬೋರ್ಡೋ ಬಳಿ. 1944ರಲ್ಲಿ ದಳವನ್ನು ಎಸ್‌ಎಸ್‌ನ ಯುದ್ಧ ವಿಭಾಗವಾದ ವಾಫೆನ್ ಎಸ್‌ಎಸ್ ಅಧೀನಕ್ಕೆ ತಂದರು. ಅವರಿಗೂ ಇದೇ ಪುಸ್ತಕ, ಇದೇ ಕೋಷ್ಟಕ. ಕೂದಲು, ಕಣ್ಣು, ಧರ್ಮ, ಹುಟ್ಟಿದೂರು ಎಂಬ ಜಾಗಗಳಲ್ಲಿ ಜರ್ಮನ್ ಗುಮಾಸ್ತ ತನಗೆ ಕೇಳಿಸಿದಂತೆ ಬರೆದದ್ದನ್ನು ಓದಿ ಊರು ಪತ್ತೆಮಾಡುವುದು ಜ್ಯುಟರ್ಲೀನ್ ಓದುವುದಕ್ಕಿಂತಲೂ ಕಷ್ಟ. ಒಂದೇ ಮನುಷ್ಯನಿಗೆ ಎರಡು ಸೈನ್ಯಗಳ ಕಡತವಿರುತ್ತದೆ, ಒಂದರಲ್ಲಿ ಯುದ್ಧಕೈದಿ, ಇನ್ನೊಂದರಲ್ಲಿ ಸಿಪಾಯಿ.

ಕಾರ್ಲನ ಪುಸ್ತಕ 1944ರ ಬೇಸಗೆಗೆ ನಿಂತುಬಿಡುತ್ತದೆ. ಹತ್ತು ದಿನಕ್ಕೊಮ್ಮೆ ಬಟವಾಡೆಯಾಗುತ್ತಿದ್ದ ಸಂಬಳದ ಲೆಕ್ಕ, ಕೊನೆಯ ರಜೆ, ಆಮೇಲೆ ಖಾಲಿ ಪುಟ. ಇಂಥವರು ಸೆರೆಸಿಕ್ಕಿರಬಹುದು. ಸೋವಿಯತ್ ಸೆರೆಯಿಂದ ಕೊನೆಯವರು ಬಿಡುಗಡೆಯಾದದ್ದು 1955-56ರಲ್ಲಿ. ಇಲ್ಲವೇ ಪೂರ್ವದ ಯಾವುದೋ ಹೊಲದ ಅಂಚಿನಲ್ಲಿ ಹೂತಿರಬಹುದು. 1919ರಲ್ಲಿ ಹುಟ್ಟಿದ ಫೋಲ್ಕ್ಸ್‌ಬುಂಡ್ ಎಂಬ ಸಮಾಧಿ ಸಂಸ್ಥೆಯವರು ಅಲ್ಲೆಲ್ಲ ಈಗಲೂ ಅಗೆಯುತ್ತಾರೆ, ವರ್ಷಕ್ಕೆ ಸಾವಿರಾರು ಜನರ ಎಲುಬು ಸಿಗುತ್ತದೆ. ಎದೆಗೂಡಿನ ಮಣ್ಣಿನಲ್ಲಿ ಮೇಲರ್ಧ ಬಿಲ್ಲೆ ಸಿಕ್ಕಿದರೆ ಮೆಲ್ಲಗೆ ಬ್ರಷ್ಷಿನಿಂದ ತಿಕ್ಕಿ, ಬೆಳಕಿಗೆ ಓರೆ ಹಿಡಿದು, ಕ್ರಮಸಂಖ್ಯೆ ಮತ್ತು ತುಕಡಿಯ ಅಕ್ಷರ ಬರೆದುಕೊಳ್ಳುತ್ತಾರೆ. ಆ ಸಾಲು ಬರ್ಲಿನ್ನಿನ ಪಟ್ಟಿಗೆ ಹೋಗುತ್ತದೆ. ಅಲ್ಯುಮಿನಿಯಮ್ಮಿನದಾದರೆ ಸಾಮಾನ್ಯವಾಗಿ ಓದಲು ಬರುತ್ತದೆ. ಸತುವಿನದಾದರೆ ಎಷ್ಟೋ ಸಲ ಬೂದಿ ಬಣ್ಣದ ಹಕ್ಕಳೆಗಳಾಗಿ ಬೆರಳಿನಲ್ಲೇ ಉದುರುತ್ತದೆ.